ಇನ್ನೂರ ಏಳಕ್ಕೆ ಹೌದು

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಕಾನೂನು ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ನನಗಿರುವ ತಿಳಿವಳಿಕೆ ಸಂಜೆ ತರಗತಿಯಲ್ಲಿ ಆಕಳಿಸುತ್ತ ಕಲಿತದ್ದು. ನಡೆದದ್ದು ಡೆಲ್ಫೀನಾ ಒರೋಸ್ಕೊಗೆ. ಕೆಲವನ್ನು ನಾನು ಕಂಡೆ, ಉಳಿದದ್ದನ್ನು ಅವಳ ಬಾಯಿಂದ ಕೇಳಿದೆ. ಎಲ್ಲಿಯಾದರೂ ತಪ್ಪಿದ್ದರೆ ತಪ್ಪು ನನ್ನದು, ಕ್ಷಮಿಸಬೇಕು. ಅವಳಂತೂ ಇನ್ನು ಈ ಮಾತು ಎತ್ತುವುದಿಲ್ಲ ಎಂದುಬಿಟ್ಟಿದ್ದಾಳೆ.

"ಬಾಯಿ ತೆಗೀರಿ ಶಾಸಕರೇ," ಎಂದಳು ಡೆಲ್ಫೀನಾ, ಚಮಚ ಹಿಡಿದು.

ಆರ್ವಿಡ್ ಲಿಂಡ್‌ಕ್ವಿಸ್ಟ್ ಬಾಯಿ ತೆಗೆಯಲಿಲ್ಲ. ಅವರು ಯಾವುದೋ ಕಾಲದಲ್ಲಿ ಒಂದೇ ಒಂದು ಅವಧಿಗೆ ಶಾಸಕರಾಗಿ, ಮುಂದಿನ ಚುನಾವಣೆಯಲ್ಲಿ ಸೋತು, ಆ ಸೋಲಿಗೆ ಒಂದು ಸೇತುವೆಯೇ ಕಾರಣವೆಂದು ಇಂದಿಗೂ ವಾದಿಸುವ ಮುದುಕ. ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಮಿಕ್ಕವರು ಟಿವಿಯಲ್ಲಿ ಬಹುಮಾನದ ಆಟ ನೋಡಬೇಕೆಂದು ಗೋಗರೆದರೂ ಅವರು ಶಾಸನಸಭೆಯ ಚಾನೆಲ್ ಬಿಟ್ಟು ಬೇರೆ ಹಾಕಲು ಬಿಡುತ್ತಿರಲಿಲ್ಲ. ಡೆಲ್ಫೀನಾ ಅಲ್ಲಿ ನರ್ಸುಗಳ ಕೈಕೆಳಗಿನ ಸಹಾಯಕಿ. ಉಣ್ಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಅವಳ ಕೆಲಸ. ಇನ್ನೊಂದು ವರ್ಷದ ಓದು ಮುಗಿದರೆ ಅವಳೇ ನರ್ಸು.

"ಮೊದ್ಲು ಸುದ್ದಿ ಕೇಳು," ಎಂದರು ಆರ್ವಿಡ್. "ನಿನ್ನ ಮಸೂದೆ, ಇನ್ನೂರ ಏಳು, ಪಾಸಾಯ್ತು. ಬೆಳಿಗ್ಗೆ ನೋಡ್ದೆ."

ಅರೆದ ಸೇಬಿನ ಚಮಚವನ್ನು ಬಟ್ಟಲಿಗೆ ಹಾಕಿ, ಬಗ್ಗಿ, ಅವರ ಹಣೆಗೆ ಮುತ್ತು ಕೊಟ್ಟಳು ಡೆಲ್ಫೀನಾ. ಪಕ್ಕದ ಮೇಜಿನ ಮುದುಕಿಯೊಬ್ಬಳು "ನಂಗೂ ಸುದ್ದಿ ಗೊತ್ತು, ನಂಗೂ ಕೊಡು" ಎಂದಳು.

"ಕುಣೀಬೇಡ ಹುಡುಗಿ. ಪಾಸಾಗಿರೋದು ನಿಂದಲ್ಲ."

"ಈಗ ತಾನೇ ಇನ್ನೂರ ಏಳು ಅಂದ್ರಿ."

"ನಂಬರು ಅದೇ. ಹ್ಯಾಲೊವೀನ್‌ಗೆ ಕುಂಬಳಕಾಯಿ ಕೊರೀತೀವಲ್ಲ, ಹಂಗೆ. ಸಿಪ್ಪೆ ಅದೇ, ತಿರುಳು ಕೆರೆದು ಎಸೆದು ಒಳಗೆ ತಮಗೆ ಬೇಕಾದ್ದು ಇಟ್ಟಿದಾರೆ. ನಮ್ಮ ಕಾಲದಲ್ಲೂ ಮಾಡ್ತಿದ್ವಿ. ಅಧಿವೇಶನ ಮುಗಿಯೋ ಹೊತ್ತಿಗೆ ಹೊಸ ಮಸೂದೆ ತರೋಕೆ ಬಿಡಲ್ಲ. ಆಗ ಅರ್ಧ ದಾರಿ ಬಂದಿರೋ ಯಾರದ್ದಾದ್ರೂ ಹಿಡಿದು ಹೊಟ್ಟೆ ಬಗೆಯೋದು."

"ನಿನ್ನೆ ನಿಮ್ಮ ಕಾಫಿಗೆ ನರ್ಸು ಮರಳು ಹಾಕಿದ್ಲು ಅಂತಿದ್ರಿ."

"ಹಾಕಿದ್ಲು. ಅದು ಬೇರೆ ವಿಷಯ." ಆರ್ವಿಡ್ ಅವಳ ಮಣಿಕಟ್ಟು ಹಿಡಿದುಕೊಂಡರು. "ನಿನ್ನ ಹೆಸ್ರೂ ಹೇಳಿದ, ಅದನ್ನ ತಂದ ಸೆನೆಟರು. ಗೌರವವಾಗೇ ಹೇಳಿದ ಬಿಡು. 'ಕೀಲರ್ ಬೆಂಡ್‌ನಿಂದ ಡೆಲ್ಫೀನಾ ಒರೋಸ್ಕೊ ಅನ್ನೋ ಹೆಣ್ಮಗಳು ಬಂದಿದ್ಲು, ಹಿಮ ಬಿದ್ರೆ ಘಾಟಿ ರಸ್ತೆ ಮುಚ್ಚುತ್ತೆ ಅಂದ್ಲು, ಆ ಮಾತು ನನ್ನ ಮನಸ್ಸಲ್ಲೇ ಉಳೀತು, ಅದಕ್ಕೇ ಪಾಠಾನೇ ಅವಳ ಮನೆಗೆ ಕಳಿಸ್ತಾ ಇದೀವಿ, ಪರದೆ ಮೇಲೆ. ಇನ್ನು ಆ ಚಿಕ್ಕಪುಟ್ಟ ಶಾಖೆಗಳ ಬಾಡಿಗೆ ಕಟ್ಟಡ ಯಾಕೆ' ಅಂದ. ಚಪ್ಪಾಳೆ ಹೊಡೆದ್ರು."

ಡೆಲ್ಫೀನಾ ಮತ್ತೆ ಚಮಚ ಎತ್ತಿಕೊಂಡಳು. ಈ ಬಾರಿ ಆರ್ವಿಡ್ ತಾವಾಗಿಯೇ ಬಾಯಿ ತೆಗೆದರು.

ಕೀಲರ್ ಬೆಂಡ್ ಈರುಳ್ಳಿಯ ಊರು. ಆಚೆ ಘಾಟಿ ದಾಟಿದರೆ ಸಮುದಾಯ ಕಾಲೇಜಿನ ಮುಖ್ಯ ಕ್ಯಾಂಪಸ್, ಈಚೆ ನಮ್ಮ ಶಾಖೆ. ಶಾಖೆಯೆಂದರೆ ಮುಚ್ಚಿಹೋದ ಒಂದು ಚಪ್ಪಲಿ ಅಂಗಡಿ. ಗೋಡೆಯ ಮೇಲೆ ಕಪಾಟುಗಳ ಗುರುತು ಇನ್ನೂ ಇತ್ತು, ಕಾಲಳತೆ ನೋಡಿಕೊಳ್ಳುವ ಮೋಟು ಕನ್ನಡಿಯೂ ಇತ್ತು. ಹಿಂದಿನ ಗೋದಾಮಿನಲ್ಲಿ ಒಂದು ಆಸ್ಪತ್ರೆ ಮಂಚ, ಅದರ ಮೇಲೆ ಅಭ್ಯಾಸಕ್ಕಾಗಿ ಮಲಗಿಸಿದ ಆಳೆತ್ತರದ ರಬ್ಬರ್ ಗೊಂಬೆ. ನಾವು ಅದನ್ನು ಅರ್ಲ್ ಎಂದು ಕರೆಯುತ್ತಿದ್ದೆವು. ತರಗತಿ ಮುಗಿದಾಗ ಒಬ್ಬರು ಅರ್ಲ್‌ನ ಹಾಸಿಗೆ ಬದಲಿಸಿ, ಹೊದಿಕೆಯ ಮೂಲೆಗಳನ್ನು ಮಡಿಸಿ ಒಳಸೇರಿಸಿ ಹೋಗಬೇಕು. ಇನ್ನೊಬ್ಬರು ಎದುರಿಗೆ ನಿಂತು ಹಿಡಿಯಬೇಕು. ಅದು ಮಿಸೆಸ್ ಹಾಲ್ವರ್ಸನ್ ಮಾಡಿದ್ದ ನಿಯಮ.

ಇಂಗ್ರಿಡ್ ಹಾಲ್ವರ್ಸನ್ ನಮಗೆ ಪಾಠ ಹೇಳುವವರು, ಶಾಖೆಯ ಮುಖ್ಯಸ್ಥೆಯೂ ಅವರೇ. ಡೆಲ್ಫೀನಾ ಒಬ್ಬಳೇ ಅವರನ್ನು 'ಮಾಯೆಸ್ತ್ರಾ' ಎನ್ನುತ್ತಿದ್ದಳು. ಅವಳ ಮನೆಯ ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಗುರು. ಹೊಲದ ಕೂಲಿಯವರ ಮಗಳನ್ನು, ಬಿಟ್ಟುಹೋದ ಶಾಲೆಯ ಪರೀಕ್ಷೆಗೆ ಕೂರಿಸಿ, ನಂತರ ಶರೀರಶಾಸ್ತ್ರದ ಪುಸ್ತಕ ಕೈಗಿತ್ತವರು ಅವರು. ಮೊದಲ ಪರೀಕ್ಷೆಯಲ್ಲಿ ಡೆಲ್ಫೀನಾ ಫೇಲಾದಾಗ ಅವರು ಅವಳ ಮನೆಗೇ ಬಂದು ಪೊಸೋಲೆ ಎಂಬ ಜೋಳದ ಸಾರು ಉಂಡು, "ನಾನೂ ಮೊದಲ ಸಲ ಫೇಲಾಗಿದ್ದೆ" ಎಂದಿದ್ದರಂತೆ. ಅದು ನಿಜವೋ, ಸಮಾಧಾನದ ಮಾತೋ, ಡೆಲ್ಫೀನಾಗೆ ನಿಜವೆಂದೇ ನಂಬಿಕೆ.

ಚಳಿಗಾಲದಲ್ಲಿ ಮಸೂದೆಯ ಸುದ್ದಿ ತಂದವರೂ ಅವರೇ. ಸಣ್ಣ ಊರಿನ ಶಾಖೆಗಳನ್ನು ಮುಚ್ಚಕೂಡದು, ಸಂಜೆ ತರಗತಿ ನಡೆಸಲೇಬೇಕು, ಅದಕ್ಕೆ ರಾಜ್ಯವೇ ದುಡ್ಡು ಕೊಡಬೇಕು. ಇನ್ನೂರ ಏಳನೆಯ ಮಸೂದೆ ಅಂದರೆ ಇಷ್ಟೇ. ಊರಿನ ಅಂಗಳಗಳಲ್ಲಿ ಫಲಕ ನೆಡಬೇಕೆಂದಾಗ ಅದರ ಮೇಲೆ ಏನು ಬರೆಯಬೇಕೆಂದು ಚರ್ಚೆಯಾಯಿತು. "ನಮ್ಮ ಸಂಜೆ ಶಾಖೆ ಉಳಿಸಿ" ಎಂದು ಬರೆಯೋಣ ಅಂದಳು ಡೆಲ್ಫೀನಾ. ಡ್ವೈಟ್ ಒಪ್ಪಲಿಲ್ಲ. ಅವನು ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದವನು, ಬೆನ್ನು ಕೈಕೊಟ್ಟ ಮೇಲೆ ಈರುಳ್ಳಿ ಶೆಡ್ಡಿಗೆ ಸೇರಿ ನರ್ಸ್ ಆಗಲು ಹೊರಟವನು.

"ಜನ ಕಾರಲ್ಲಿ ಹೋಗ್ತಾ ಓದೋದು ಕಣೇ. ನೀನು ಪ್ರಬಂಧ ಬರೆದ್ರೆ ಓದ್ತಾ ಓದ್ತಾ ಈರುಳ್ಳಿ ಹೊಲಕ್ಕೆ ಇಳೀತಾರೆ. ನಂಬರು ಹಾಕು, ಹೌದು ಅನ್ನು, ಮುಗೀತು."

ಹಾಗೆ 'ಇನ್ನೂರ ಏಳಕ್ಕೆ ಹೌದು' ಎಂಬ ಫಲಕಗಳು ತಂತಿಯ ಕಾಲುಗಳ ಮೇಲೆ ಊರಿಡೀ ನಿಂತವು. ಇಗರ್ಜಿಯ ಮುಂದೆ, ಕ್ಷೌರದಂಗಡಿಯ ಮುಂದೆ, ಹೆಪ್ಪುಗಟ್ಟಿದ ನೆಲಕ್ಕೆ ಸುತ್ತಿಗೆಯಿಂದ ಬಡಿದು ನೆಟ್ಟೆವು. ಮಕ್ಕಳು ಕೂಡ ಆ ನಂಬರು ಹಾಡಿಕೊಂಡು ಓಡಾಡುತ್ತಿದ್ದರು. ಒಳಗೇನಿದೆ ಎಂದು ಅವರನ್ನು ಯಾರು ಕೇಳಬೇಕು?

ಸಮಿತಿಯ ಮುಂದೆ ಮಾತನಾಡಲು ಡೆಲ್ಫೀನಾಳನ್ನು ಆರಿಸಿದವರು ಹಾಲ್ವರ್ಸನ್. ಹಿಂದಿನ ಸಂಜೆ ಅವಳ ಅಡುಗೆಮನೆಯಲ್ಲಿ ಕೂತು ಮಾತು ಕಲಿಸಿದರು. ಡೆಲ್ಫೀನಾಗೆ ಕೈಗಳ ವಿಷಯ ಹೇಳಬೇಕೆಂದಿತ್ತು. ಮೂಳೆ ಸವೆದ ಮುದುಕಿಯನ್ನು ನೋಯಿಸದೆ ಮಗ್ಗುಲಿಗೆ ತಿರುಗಿಸುವುದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ, ಪಕ್ಕದಲ್ಲಿ ನಿಂತವರು ನಿಮ್ಮ ಮೊಣಕೈ ಹಿಡಿದು "ಇಲ್ಲಿ, ಹೀಗೆ" ಅನ್ನಬೇಕು ಎಂದು.

"ಅದು ಅವರ ತಲೆಗೆ ಹೋಗಲ್ಲ," ಎಂದರು ಹಾಲ್ವರ್ಸನ್. "ಹಿಮದ ವಿಷಯ ಹೇಳು. ರಸ್ತೆ ಮುಚ್ಚೋದು ಎಲ್ಲರಿಗೂ ಅರ್ಥ ಆಗುತ್ತೆ."

"ಕೈ ವಿಷಯ ಒಂದ್ ಮಾತು ಸೇರಿಸ್ಲಾ, ಮಾಯೆಸ್ತ್ರಾ?"

"ಅಷ್ಟು ಹೊತ್ತು ಕೊಡಲ್ಲ. ಹಿಮ ಸಾಕು."

ರಾಜಧಾನಿಯಲ್ಲಿ ಮಾತನಾಡುವವರ ಮುಂದೆ ಮೂರು ಬಣ್ಣದ ದೀಪವಿರುತ್ತದೆ. ಹಸಿರು ಇರುವವರೆಗೆ ಮಾತು, ಹಳದಿ ಬಂದರೆ ಮುಗಿಸು, ಕೆಂಪಾದರೆ ಎದ್ದೇಳು. ಡೆಲ್ಫೀನಾ ದೀಪವನ್ನೇ ನೋಡುತ್ತ ಹಿಮದ ವಿಷಯ ಹೇಳಿದಳು. ಹಿಂದಿನ ಸಾಲಿನಲ್ಲಿ ಹಾಲ್ವರ್ಸನ್ ಅವಳ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಳದಿ ಬಂದಾಗ ಅಧ್ಯಕ್ಷರು ನಗುತ್ತ, "ಅಂದ್ರೆ ಇನ್ನೂರ ಏಳಕ್ಕೆ ನಿಮ್ಮ ಬೆಂಬಲ ಇದೆ ಅನ್ನಿ" ಎಂದರು.

"ಇದೆ. ಪೂರ್ತಿ ಇದೆ," ಎಂದಳು ಡೆಲ್ಫೀನಾ. ಕೆಲವರು ಪ್ರೀತಿಯಿಂದಲೇ ನಕ್ಕರಂತೆ.

ಮರಳುವಾಗ ಹಾಲ್ವರ್ಸನ್ ಕಾರು ಓಡಿಸುತ್ತಿದ್ದರು. ಮುಂದಿನ ಸಭೆಗೆ ಬಸ್ಸು ಮಾಡಿಕೊಂಡು ಎಲ್ಲರೂ ಹೋಗೋಣ ಎಂದು ಡೆಲ್ಫೀನಾ ಹುರುಪಿನಿಂದ ಹೇಳಿದಾಗ, ಅವರು ಘಾಟಿಯ ತಿರುವು ನೋಡುತ್ತ, "ಇನ್ನು ಬೇಡ. ನಮ್ಮ ಕೆಲಸ ಆಯ್ತು" ಎಂದರು. ಅಷ್ಟರಲ್ಲಿ ಈರುಳ್ಳಿ ನಾಟಿಯೂ ಶುರುವಾಯಿತು. ಯಾರಿಗೂ ಬಿಡುವಿರಲಿಲ್ಲ. ಯಾರೂ ಹೋಗಲಿಲ್ಲ.

ಆರ್ವಿಡ್ ಸುದ್ದಿ ಹೇಳಿದ ದಿನ ಸಂಜೆ ತರಗತಿಗೆ ಡೆಲ್ಫೀನಾ ಬಂದಾಗ ನಾವೆಲ್ಲ ಕೇಕಿನ ಸುತ್ತ ನಿಂತಿದ್ದೆವು. ಡ್ವೈಟ್‌ನ ಹೆಂಡತಿ ಮಾಡಿ ಕಳಿಸಿದ ಅಗಲವಾದ ಕೇಕು, ಅದರ ಮೇಲೆ ನೀಲಿ ಕೆನೆಯಲ್ಲಿ ಇನ್ನೂರ ಏಳು. ಕಾಲಳತೆಯ ಕನ್ನಡಿಯಲ್ಲಿ ನಮ್ಮ ಬೂಟುಗಳೆಲ್ಲ ಸಾಲಾಗಿ ಕಾಣುತ್ತಿದ್ದವು.

"ಬಂದ್ಲು ನೋಡಿ ಟಿವಿ ಸ್ಟಾರು," ಎಂದ ಡ್ವೈಟ್. "ದಾರಿ ಬಿಡಿ. ಮೇಡಮ್ಮೋರೆ, ಒಂದು ರುಜು ಹಾಕ್ತೀರಾ, ನನ್ನ ಬೆನ್ನಿನ ಪಟ್ಟಿ ಮೇಲೆ?"

ಅವಳು ನಗಲಿಲ್ಲ. "ಡ್ವೈಟ್, ಅದು ನಮ್ಮದಲ್ವಂತೆ" ಎಂದಳು. ಆರ್ವಿಡ್ ಹೇಳಿದ್ದನ್ನು ಅರ್ಧಂಬರ್ಧ ಹೇಳಿದಳು. ನಾವು ನಂಬಲಿಲ್ಲ. ಕುಂಬಳಕಾಯಿಯ ಮಾತು ಬಂದಾಗ ಯಾರೋ ನಕ್ಕರು ಕೂಡ. ಡ್ವೈಟ್ ಚಾಕು ಎತ್ತಿದ್ದ. ಆಗಲೇ ಹಾಲ್ವರ್ಸನ್ ಒಳಬಂದರು. ಕೇಕು ನೋಡಿ, ಬಾಗಿಲ ಬಳಿಯೇ ನಿಂತರು.

"ಕೂತ್ಕೊಳ್ಳಿ," ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ರಾಜ್ಯದ ಸಮುದಾಯ ಕಾಲೇಜುಗಳೆಲ್ಲ ಇನ್ನು ಒಂದೇ ಆಡಳಿತದ ಕೆಳಗೆ. ಚಿಕ್ಕ ಶಾಖೆಗಳು ಬೇಸಿಗೆಯ ಕೊನೆಗೆ ಮುಚ್ಚುತ್ತವೆ. ಪಾಠ ಪರದೆಯ ಮೇಲೆ, ಮನೆಯಲ್ಲಿ. ಕೈಯಿಂದ ಮಾಡಿ ಕಲಿಯಬೇಕಾದ್ದು ಮಾತ್ರ ಘಾಟಿಯಾಚೆ, ಮುಖ್ಯ ಕ್ಯಾಂಪಸ್‌ನಲ್ಲಿ, ಹಗಲು ಹೊತ್ತು. "ಇದು ಸುಧಾರಣೆ," ಎಂದರು ಅವರು. ಆ ಪದವನ್ನು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಬೇಗ ಹೇಳಿ ಮುಂದೆ ಹೋದರು. "ಇದು ಆಗದೇ ಇದ್ದಿದ್ರೆ ಪೂರ್ತಿ ಕಾಲೇಜೇ ಹೋಗ್ತಿತ್ತು. ಉಳಿಸ್ಕೊಳ್ಳೋಕೆ ಆದಷ್ಟು ಉಳಿಸ್ಕೊಂಡಿದೀವಿ."

"ಹಗಲು ಹೊತ್ತು ನಾನು ಈರುಳ್ಳಿ ಶೆಡ್ಡಲ್ಲಿ ಇರ್ತೀನಿ ಮಿಸೆಸ್," ಎಂದ ಡ್ವೈಟ್. ಅವನ ದನಿಯಲ್ಲಿ ಇನ್ನೂ ಸಿಟ್ಟಿರಲಿಲ್ಲ. ಅವರಿಗೆ ಗೊತ್ತಿಲ್ಲದಿರಬಹುದು, ತಿಳಿಸೋಣ ಎನ್ನುವ ಹಾಗಿತ್ತು.

"ಗೊತ್ತು ಡ್ವೈಟ್."

"ನೀವೇನ್ ಮಾಡ್ತೀರಿ ಹಂಗಾದ್ರೆ? ಈ ಅಂಗಡೀಲಿ ಚಪ್ಪಲಿ ಮಾರ್ತೀರಾ?"

ಹಾಲ್ವರ್ಸನ್ ಕನ್ನಡಕ ತೆಗೆದು ಒರೆಸಿದರು. ಹೊಸ ಆಡಳಿತದಲ್ಲಿ ಇಡೀ ಪ್ರಾಂತ್ಯದ ನರ್ಸಿಂಗ್ ವಿಭಾಗ ತಮ್ಮ ಕೈಗೆ ಬಂದಿದೆ ಎಂದು ಹೇಳಿದರು. ಹೇಳಲೇಬೇಕಾಗಿತ್ತು, ಹೇಳಿದರು. ಆಮೇಲೆ, ಒಂದು ಒಳ್ಳೆಯ ಮಾತಾದರೂ ಇರಲಿ ಅಂದುಕೊಂಡರೋ ಏನೋ, ಡೆಲ್ಫೀನಾ ಕಡೆ ತಿರುಗಿ ನಕ್ಕರು.

"ಡೆಲ್ಫೀನಾ, ನೀನು ಚಿಂತೆ ಮಾಡ್ಬೇಡ. ಅಲ್ಲಿ ನಿನ್ನ ಸೀಟು ಖಾತ್ರಿ ಇದೆ. ಸೆನೆಟರೇ ಮಾತಾಡಿದಾರೆ. ಹಿಮ ಬಿದ್ದ ದಿನ ನಮ್ಮ ಅಕ್ಕನ ಮನೇಲಿ ಉಳ್ಕೋಬಹುದು, ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ."

ಎಲ್ಲರೂ ಡೆಲ್ಫೀನಾಳನ್ನು ನೋಡಿದೆವು. ಅವಳು ಆರ್ವಿಡ್‌ರ ಕಥೆ ಹೇಳಿ ಹತ್ತು ನಿಮಿಷ ಕೂಡ ಆಗಿರಲಿಲ್ಲ. ಅವಳಿಗೆ ಎಲ್ಲ ಮೊದಲೇ ತಿಳಿದಿತ್ತು, ಮುಖ ಉಳಿಸಿಕೊಳ್ಳಲು ಆ ಕಥೆ ಹೇಳಿದಳೆಂದು ಆ ಗಳಿಗೆಯಲ್ಲಿ ಹಲವರಿಗೆ ಅನ್ನಿಸಿರಬೇಕು.

"ನಾನು ಆ ಸೀಟು ಕೇಳಿಲ್ಲ," ಎಂದಳು ಅವಳು.

"ಕೇಳಿದೆ ಅಂತ ಯಾರಂದ್ರು?" ಡ್ವೈಟ್ ಕೇಕಿನ ಪಕ್ಕ ಚಾಕುವನ್ನು ನಿಧಾನವಾಗಿ ಇಟ್ಟ. "ಪೂರ್ತಿ ಇದೆ ಅಂದೆಯಲ್ಲ ಅವತ್ತು. ನಾವೆಲ್ಲ ಟಿವೀಲಿ ನೋಡಿದ್ವಿ. ಚೆನ್ನಾಗ್ ಹೇಳ್ದೆ."

"ಮಾಯೆಸ್ತ್ರಾ, ಇವ್ರಿಗೆ ಹೇಳಿ. ನಂಗೆ ಗೊತ್ತಿರ್ಲಿಲ್ಲ ಅಂತ ಹೇಳಿ."

"ಡೆಲ್ಫೀನಾಗೆ ಏನೂ ಗೊತ್ತಿರ್ಲಿಲ್ಲ," ಎಂದರು ಹಾಲ್ವರ್ಸನ್. ಅವರು ಅದನ್ನು ಎಷ್ಟು ದಯೆಯಿಂದ ಹೇಳಿದರೆಂದರೆ ನಂಬುವುದು ಇನ್ನೂ ಕಷ್ಟವಾಯಿತು.

ಆ ಸಂಜೆ ಪಾಠ ನಡೆಯಲಿಲ್ಲ. ಒಬ್ಬೊಬ್ಬರಾಗಿ ಜಾಕೆಟ್ ಹಾಕಿಕೊಂಡು ಹೊರಟೆವು. ಅರ್ಲ್‌ನ ಹಾಸಿಗೆಯ ಸರದಿ ಅಂದು ಡೆಲ್ಫೀನಾಳದು, ಎದುರಿಗೆ ನಿಂತು ಹಿಡಿಯುವ ಸರದಿ ಡ್ವೈಟ್‌ನದು. ಅವನು ಹೋಗಿಬಿಟ್ಟಿದ್ದ. ಅವಳು ಒಬ್ಬಳೇ ಹೊದಿಕೆ ಹಾಸಿ, ಈ ಮೂಲೆ ಮಡಿಸಿ, ಮಂಚ ಸುತ್ತಿ ಹೋಗಿ ಆ ಮೂಲೆ ಮಡಿಸಿದಳು. ಅಷ್ಟರಲ್ಲಿ ಈ ಮೂಲೆ ಕಳಚಿಕೊಂಡಿತ್ತು. ಮತ್ತೆ ಈ ಕಡೆ ಬಂದಳು. ಹಾಲ್ವರ್ಸನ್ ಬಂದು ಎದುರಿಗೆ ನಿಂತು ಬಟ್ಟೆಯ ಅಂಚು ಹಿಡಿಯಲು ಕೈ ಚಾಚಿದಾಗ, "ಬೇಡ, ಆಗುತ್ತೆ" ಎಂದಳು.

ಆ ಬೇಸಿಗೆಯಲ್ಲಿ ಊರು ಅವಳಿಗೆ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ದಿನಸಿ ಅಂಗಡಿಯಲ್ಲಿ "ಹೋಗ್ತಿದೀಯಂತೆ, ಒಳ್ಳೇದಾಯ್ತು ಬಿಡು" ಅನ್ನುತ್ತಿದ್ದರು. ಇಗರ್ಜಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಸರಿಯುತ್ತಿದ್ದರು. ಫಲಕಗಳನ್ನು ಕೀಳಲು ಯಾರಿಗೂ ಮನಸ್ಸಿರಲಿಲ್ಲ. ಪತ್ರಿಕೆಯವನೊಬ್ಬ ರಾಜಧಾನಿಯಿಂದ ಬಂದು ಅವುಗಳ ಚಿತ್ರ ತೆಗೆದುಕೊಂಡು ಹೋದ. ಸುಧಾರಣೆಯನ್ನು ಸ್ವಾಗತಿಸಿದ ಪುಟ್ಟ ಊರು ಎಂದು ಆ ಚಿತ್ರ ಅಚ್ಚಾಯಿತು. ಅದನ್ನು ನೋಡಿದ ಮೇಲೆ ಡ್ವೈಟ್ ತನ್ನ ಅಂಗಳದ ಫಲಕವನ್ನು ಟ್ರಾಕ್ಟರ್ ಹಾಯಿಸಿ ಮಲಗಿಸಿದ.

ಡೆಲ್ಫೀನಾಳ ತಾಯಿ ದೋನ್ಯಾ ಚೂಸ್‌ಗೆ ಮಾತ್ರ ಇದಾವುದರ ಗೊಡವೆಯಿರಲಿಲ್ಲ. ಅವಳು ಬೀದಿಯುದ್ದ ನಡೆದು, ಮನೆಮನೆ ಬಾಗಿಲು ತಟ್ಟಿ, ಬೇಡವಾದ ಫಲಕಗಳನ್ನು ಕೇಳಿ ತಂದಳು. "ತಂತಿ ಗಟ್ಟಿ ಇದೆ ಮಗಳೇ, ಎಸೀತಾರೇನು?" ಹಿತ್ತಿಲಲ್ಲಿ ಹುರುಳಿಕಾಯಿ ಬಳ್ಳಿಗಳಿಗೆ ಆಸರೆಯಾಗಿ ತಂತಿಗಳನ್ನು ಸಾಲಾಗಿ ಊರಿದಳು. ಫಲಕಗಳನ್ನು ಬುಡಕ್ಕೆ ನಿಲ್ಲಿಸಿ ಗಾಳಿಗೆ ಮರೆ ಮಾಡಿದಳು. ಬಳ್ಳಿ ಹಬ್ಬಿದಂತೆ ನಂಬರುಗಳು ಎಲೆಯಡಿ ಒಂದೊಂದಾಗಿ ಮುಚ್ಚಿಹೋದವು.

ಸೀಟಿನ ಬಗ್ಗೆ ಡೆಲ್ಫೀನಾ ಹೌದೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆರ್ವಿಡ್ ಅವಳನ್ನು ಕೆಣಕುತ್ತಿದ್ದರು. "ಹೋಗೇ ಹುಡುಗಿ. ಕದ್ದ ಕುದುರೆಯಾದ್ರೂ ಊರು ಮುಟ್ಟಿಸುತ್ತೆ."

"ಊರು ಮುಟ್ಟಿದ ಮೇಲೆ ಇಳೀಬೇಕಲ್ಲ ಶಾಸಕರೇ. ಇಳಿದು ಯಾರ ಮುಖ ನೋಡ್ಲಿ?"

"ಸೋತ ಮೇಲೆ ನಾನು ಎಲ್ಲರ ಮುಖ ನೋಡ್ದೆ. ಎಂಬತ್ತು ದಾಟಿದೆ. ಸಾಯ್ಲಿಲ್ಲ."

ಸೆಪ್ಟೆಂಬರಿನಲ್ಲಿ ಕಾಲೇಜು ಶುರುವಾಗುವ ಬೆಳಿಗ್ಗೆ ಹಾಲ್ವರ್ಸನ್‌ರ ಕಾರು ಅವಳ ಬೇಲಿಯ ಪಕ್ಕ ನಿಂತಿತು. ಡೆಲ್ಫೀನಾ ಹಿತ್ತಿಲಲ್ಲಿ ತಾಯಿಯ ಜೊತೆ ಕಾಯಿ ಕೀಳುತ್ತಿದ್ದಳು. ಹಾಲ್ವರ್ಸನ್ ಇಳಿದು ಬೇಲಿಯ ಹತ್ತಿರ ಬಂದರು. ಹೊಸ ಕೋಟು, ಎದೆಯ ಮೇಲೆ ಹೆಸರಿನ ಬಿಲ್ಲೆ. ಸ್ವಲ್ಪ ಸೊರಗಿದಂತೆ ಕಂಡರು ಎಂದು ಡೆಲ್ಫೀನಾ ಆಮೇಲೆ ಹೇಳಿದಳು. ಅದನ್ನು ಗಮನಿಸಿದೆನಲ್ಲ ಎಂದು ಹೇಳುವಾಗ ಅವಳಿಗೆ ತನ್ನ ಮೇಲೇ ಸಿಟ್ಟಿತ್ತು.

"ಹೊರಡೋಣ್ವಾ?" ಎಂದರು. "ಸೀಟು ಇನ್ನೂ ಇಟ್ಟಿದೀನಿ."

"ಡ್ವೈಟ್‌ಗೆ?"

"ಒಬ್ಬರಾದ್ರೂ ದಾಟಲಿ ಅಂತ ನಾನು ಎಷ್ಟು ಪ್ರಯತ್ನ ಪಟ್ಟೆ ಗೊತ್ತಾ? ನಿನ್ನನ್ನ ಬಿಟ್ಟು ಬೇರೆ ಯಾರಿಗೂ ಸೀಟು ಕೇಳೋಕೆ ನನ್ನಿಂದ ಆಗ್ಲಿಲ್ಲ."

ಡೆಲ್ಫೀನಾ ಮಡಿಲಲ್ಲಿದ್ದ ಕಾಯಿಗಳನ್ನು ಬುಟ್ಟಿಗೆ ಸುರಿದು ಬೇಲಿಯ ಹತ್ತಿರ ಬಂದಳು.

"ಒಂದು ಮಾತು ಕೇಳ್ತೀನಿ. ಅವತ್ತು ನಾನು ದೀಪದ ಮುಂದೆ ಕೂತಾಗ ನೀವು ನನ್ನ ಕೋಟು ಹಿಡ್ಕೊಂಡು ಹಿಂದೆ ಕೂತಿದ್ರಿ. ಆಗ್ಲೇ ನಿಮಗೆ ಗೊತ್ತಿತ್ತಾ?"

ಈ ಸಲ ಅವಳು ಮಾಯೆಸ್ತ್ರಾ ಅನ್ನಲಿಲ್ಲ. ಹಾಲ್ವರ್ಸನ್ ಬಳ್ಳಿಗಳ ಕಡೆ ನೋಡಿದರು. ಎಲೆಗಳ ನಡುವೆ ಒಂದು ಫಲಕದ ಮೂಲೆ, ಅದರ ಮೇಲೆ ಏಳರ ಕಾಲು ಕಾಣುತ್ತಿತ್ತು.

"ಕಾಯಿ ಈ ವರ್ಷ ಚೆನ್ನಾಗಿ ಬಿಟ್ಟಿದೆ," ಎಂದರು.

ಅವರು ಇಂಗ್ಲಿಷಿನಲ್ಲಿ ಆಡಿದ ಮಾತು ದೋನ್ಯಾ ಚೂಸ್‌ಗೆ ಅರ್ಥವಾಗಿರಲಿಲ್ಲ. ಮಗಳಿಗೆ ಓದು ಕಲಿಸಿದ ಮಾಯೆಸ್ತ್ರಾ ಬೇಲಿಯವರೆಗೆ ಬಂದು ಬರಿಗೈಲಿ ಹೋಗಬಾರದು ಎಂಬುದಷ್ಟೇ ಅವಳ ಚಿಂತೆ. ಕಾಗದದ ಚೀಲಕ್ಕೆ ಎರಡು ಬೊಗಸೆ ಕಾಯಿ ತುಂಬಿ, ಬಾಯಿ ಮಡಿಸಿ, ಬೇಲಿಯ ಮೇಲಿಂದ ಚಾಚಿದಳು. ಹಾಲ್ವರ್ಸನ್ ಒಂದು ಕ್ಷಣ ತಡೆದು, ಎರಡೂ ಕೈಯಲ್ಲಿ ತೆಗೆದುಕೊಂಡರು. ಕಾರಿನೊಳಗೆ, ಡೆಲ್ಫೀನಾ ಕೂರಬೇಕಿದ್ದ ಜಾಗದಲ್ಲಿ ಚೀಲವನ್ನಿಟ್ಟು, ಬೀಳದಿರಲೆಂದು ಒಂದು ಕೈ ಅದರ ಮೇಲೆಯೇ ಇಟ್ಟುಕೊಂಡು, ಘಾಟಿಯ ಕಡೆ ಹೊರಟರು.

ಅವರಿಗೆ ಅಂದೇ ಗೊತ್ತಿತ್ತೇ, ಅಥವಾ ಎಲ್ಲ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರೇ, ನನಗೆ ತಿಳಿಯದು. ಡೆಲ್ಫೀನಾಗೂ ತಿಳಿಯದು.